ಮುಂಬಯಿಗೆ ಬರುವವರು ಯಾವ ಭಾಗದಲ್ಲಿ ಉಳಿಯಬೇಕು

ಊರಿನಿಂದ ಮುಂಬಯಿಗೆ ಹೊರಟವರು ಫೋನ್ ಮಾಡಿದಾಗ ಸಾಮಾನ್ಯವಾಗಿ ಕೇಳುವುದು ಒಳ್ಳೆಯ ಲಾಡ್ಜ್ ಯಾವುದು, ದಿನಕ್ಕೆ ಎಷ್ಟಾಗುತ್ತದೆ ಎಂದು. ಅದಕ್ಕೆ ಉತ್ತರ ಹೇಳುವ ಮೊದಲು ನಾನು ಎರಡು ಪ್ರಶ್ನೆ ಕೇಳುತ್ತೇನೆ: ನಿಮ್ಮ ಕೆಲಸ ಇರುವುದು ಎಲ್ಲಿ, ಅಲ್ಲಿಗೆ ಎಷ್ಟು ಗಂಟೆಗೆ ತಲುಪಬೇಕು? ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಈ ನಗರದಲ್ಲಿದ್ದು, ನೆಂಟರಿಷ್ಟರಿಗೆ ಕೋಣೆ ಹುಡುಕಿಕೊಟ್ಟ ಅನುಭವದಿಂದ ಹೇಳುವುದಾದರೆ, ಮುಂಬಯಿಯಲ್ಲಿ ಹೋಟೆಲನ್ನು ಎಲ್ಲಕ್ಕಿಂತ ಕೊನೆಯಲ್ಲಿ ಆರಿಸಬೇಕು. ಅದಕ್ಕೂ ಮೊದಲು ಯಾವ ರೈಲು ಮಾರ್ಗ ಎಂಬುದನ್ನು, ಆಮೇಲೆ ಯಾವ ನಿಲ್ದಾಣ ಎಂಬುದನ್ನು, ಅದರ ನಂತರ ಆ ನಿಲ್ದಾಣದ ಪೂರ್ವವೋ ಪಶ್ಚಿಮವೋ ಎಂಬುದನ್ನು ತೀರ್ಮಾನಿಸಿಕೊಳ್ಳಬೇಕು. ಬಾಡಿಗೆಯನ್ನು ಮೊದಲು ನೋಡಿ ಜಾಗವನ್ನು ಆಮೇಲೆ ನೋಡುವವರು ಕೋಣೆಯಲ್ಲಿ ಉಳಿಸಿದ ದುಡ್ಡನ್ನು ಟ್ಯಾಕ್ಸಿಗೆ ಸುರಿಯುತ್ತಾರೆ, ಇಲ್ಲವೇ ಅರ್ಧ ದಿನವನ್ನೇ ಕಳೆದುಕೊಳ್ಳುತ್ತಾರೆ.

ಈ ತಪ್ಪನ್ನು ನಾನೇ ಒಮ್ಮೆ ಮಾಡಿದ್ದೇನೆ. ನನ್ನ ಸೋದರಮಾವ ಚಿಕಿತ್ಸೆಗೆಂದು ಪರೇಲ್‌ಗೆ ಬರಬೇಕಾಗಿದ್ದಾಗ, ಅಂಧೇರಿ ಪಶ್ಚಿಮದಲ್ಲಿ ಕಡಿಮೆ ಬಾಡಿಗೆಗೆ ಚೊಕ್ಕಟವಾದ ಕೋಣೆ ಸಿಕ್ಕಿತೆಂದು ಅಲ್ಲಿಯೇ ಉಳಿಸಿದೆ. ನಕ್ಷೆಯಲ್ಲಿ ನೋಡಿದರೆ ದೂರ ಹದಿನೈದು ಕಿಲೋಮೀಟರಿನಷ್ಟೂ ಇರಲಿಲ್ಲ. ಮರುದಿನ ಬೆಳಿಗ್ಗೆ ಎಂಟೂವರೆಗೆ ಮಾವ ವರದಿಗಳ ಚೀಲವನ್ನು ಎದೆಗೆ ಅವಚಿಕೊಂಡು ಅಂಧೇರಿಯ ಪ್ಲಾಟ್‌ಫಾರ್ಮಿನಲ್ಲಿ ನಿಂತಿದ್ದರು. ವಿರಾರ್, ಬೋರಿವಲಿಗಳಿಂದಲೇ ತುಂಬಿ ಬಂದ ಮೂರು ಗಾಡಿಗಳನ್ನು ಬಿಟ್ಟೆವು. ನಾಲ್ಕನೆಯದಕ್ಕೆ ಕಾಲಿಡುವಾಗ ಅವರ ಒಂದು ಚಪ್ಪಲಿ ಕಳಚಿ ಹಳಿಯ ಮೇಲೆ ಬಿತ್ತು. ಅವರು ಹಿಂದೆ ಸರಿದು, ಬೇಡ ಮಾರಾಯ, ನನ್ನಿಂದಾಗದು ಎಂದು ಬೆಂಚಿನ ಮೇಲೆ ಕುಳಿತುಬಿಟ್ಟರು. ಟ್ಯಾಕ್ಸಿಯಲ್ಲಿ ಹೋಗಿ ಸೇರುವಷ್ಟರಲ್ಲಿ ಒಂದೂವರೆ ಗಂಟೆ ಕಳೆದಿತ್ತು, ಅಂದಿನ ಸರತಿಯೂ ತಪ್ಪಿತ್ತು. ಅದೇ ಸಂಜೆ ದಾದರ್ ಪೂರ್ವದಲ್ಲಿ, ಅಂಧೇರಿಯದಕ್ಕಿಂತ ಚಿಕ್ಕದಾದ, ಬಾಡಿಗೆ ತುಸು ಹೆಚ್ಚಾದ ಕೋಣೆಗೆ ಅವರನ್ನು ಕರೆತಂದೆ. ಉಳಿದ ಹನ್ನೆರಡು ದಿನ ಅವರಿಗೆ ರೈಲು ಹತ್ತುವ ಪ್ರಮೇಯವೇ ಬರಲಿಲ್ಲ.

ನಗರದ ಆಕಾರ ಮತ್ತು ಹೊತ್ತು

ಮುಂಬಯಿ ಬೆಂಗಳೂರಿನಂತೆ ನಾಲ್ಕೂ ದಿಕ್ಕಿಗೆ ಹರಡಿದ ನಗರವಲ್ಲ. ಸಮುದ್ರಕ್ಕೆ ಚಾಚಿದ ಉದ್ದನೆಯ ನಾಲಿಗೆಯಂತೆ ಅದು ದಕ್ಷಿಣೋತ್ತರವಾಗಿ ಮಲಗಿದೆ, ಮತ್ತು ಲೋಕಲ್ ರೈಲುಗಳೂ ಆ ಉದ್ದಕ್ಕೇ ಓಡುತ್ತವೆ. ಪಶ್ಚಿಮ ಮಾರ್ಗ ಚರ್ಚ್‌ಗೇಟ್‌ನಿಂದ ಹೊರಟು ದಾದರ್, ಬಾಂದ್ರಾ, ಅಂಧೇರಿ, ಬೋರಿವಲಿಗಳ ಮೂಲಕ 60 ಕಿ.ಮೀ. ದೂರದ ವಿರಾರ್ ಸೇರಿ ಇನ್ನೂ ಮುಂದಕ್ಕೆ ಹೋಗುತ್ತದೆ. ಮಧ್ಯ ಮಾರ್ಗ ಛತ್ರಪತಿ ಶಿವಾಜಿ ಮಹಾರಾಜ್ ಟರ್ಮಿನಸ್‌ನಿಂದ, ಅಂದರೆ ಹಳಬರು ಈಗಲೂ ವಿ.ಟಿ. ಎನ್ನುವ ಸಿಎಸ್‌ಎಂಟಿಯಿಂದ ಹೊರಟು ದಾದರ್, ಕುರ್ಲಾ, ಘಾಟ್‌ಕೋಪರ್, ಠಾಣೆಗಳ ಮೂಲಕ ಕಲ್ಯಾಣ್‌ಗೆ ಹೋಗುತ್ತದೆ. ಹಾರ್ಬರ್ ಮಾರ್ಗ ಅದೇ ಸಿಎಸ್‌ಎಂಟಿಯಿಂದ ವಡಾಲಾಕ್ಕೆ ಬಂದು ಕವಲೊಡೆದು, ಒಂದು ಕವಲು ಕುರ್ಲಾ, ವಾಶಿಗಳ ಮೂಲಕ ಪನ್ವೆಲ್‌ಗೂ ಇನ್ನೊಂದು ಅಂಧೇರಿಯ ಕಡೆಗೂ ಹೋಗುತ್ತದೆ. ಒಂದೇ ಮಾರ್ಗದ ಮೇಲಿರುವ ಇಪ್ಪತ್ತು ಕಿಲೋಮೀಟರ್ ಇಲ್ಲಿ ಹತ್ತಿರ. ಮಾರ್ಗ ಬದಲಿಸಬೇಕಾದ ಎಂಟು ಕಿಲೋಮೀಟರ್ ದೂರ.

ದೂರಕ್ಕಿಂತಲೂ ಮುಖ್ಯವಾದದ್ದು ಹೊತ್ತು. ಬೆಳಿಗ್ಗೆ ಎಂಟರಿಂದ ಹನ್ನೊಂದರವರೆಗೆ ಜನಸಾಗರ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಐದರಿಂದ ಒಂಬತ್ತರವರೆಗೆ ಉತ್ತರಕ್ಕೆ. ನಿಮ್ಮ ಕೆಲಸದ ಸ್ಥಳಕ್ಕಿಂತ ದಕ್ಷಿಣದಲ್ಲಿ ಕೋಣೆ ಹಿಡಿದರೆ ಬೆಳಿಗ್ಗೆ ಉತ್ತರಕ್ಕೆ ಹೋಗುವ, ಕುಳಿತುಕೊಳ್ಳಲು ಜಾಗವಿರುವ ಗಾಡಿ ಸಿಗುವ ಸಾಧ್ಯತೆ ಹೆಚ್ಚು. ಉತ್ತರದಲ್ಲಿ ಹಿಡಿದರೆ ನೂಕುನುಗ್ಗಲಿಗೆ ಎದೆಕೊಡಬೇಕು. ಗೋರೆಗಾಂವ್ ಪೂರ್ವದ ನೆಸ್ಕೊ ಪ್ರದರ್ಶನ ಕೇಂದ್ರಕ್ಕೆ ವ್ಯಾಪಾರದ ಮೇಳಕ್ಕೆಂದು ಬರುವವರಿಗೆ ನಾನು ಬೋರಿವಲಿಯನ್ನಲ್ಲ, ಅಂಧೇರಿಯನ್ನೋ ಸಾಂತಾಕ್ರೂಜನ್ನೋ ಸೂಚಿಸುವುದು ಈ ಕಾರಣಕ್ಕಾಗಿಯೇ. ಇಲ್ಲೇ ಹುಟ್ಟಿ ಬೆಳೆದವರಿಗೆ ಇದನ್ನು ಹೇಳುವ ಅಗತ್ಯವಿಲ್ಲ. ಆದರೆ ಸೂಟ್‌ಕೇಸ್ ಹಿಡಿದ ಹೊಸಬರಿಗೆ, ವಯಸ್ಸಾದವರಿಗೆ, ಮಕ್ಕಳೊಂದಿಗೆ ಬರುವವರಿಗೆ ಇದೊಂದೇ ತಿಳಿವಳಿಕೆ ಪ್ರಯಾಣದ ಅರ್ಧ ಕಷ್ಟವನ್ನು ಕಳೆಯುತ್ತದೆ.

ಇನ್ನು ಪೂರ್ವ, ಪಶ್ಚಿಮ. ನಿಲ್ದಾಣದ ಎರಡೂ ಕಡೆಗೆ ಒಂದೇ ಹೆಸರು, ಆದರೆ ಅವು ಎರಡು ಬೇರೆ ಊರುಗಳಿದ್ದಂತೆ. ಅಂಧೇರಿ ಪೂರ್ವದಿಂದ ಪಶ್ಚಿಮಕ್ಕೆ ಪಾದಚಾರಿ ಮೇಲ್ಸೇತುವೆಯಲ್ಲಿ ಕೆಲವೇ ನಿಮಿಷ ಸಾಕು. ಅದನ್ನೇ ಆಟೊದಲ್ಲಿ ದಾಟಲು ಹೋದರೆ ಸಂಜೆಯ ಹೊತ್ತು ಅರ್ಧ ಗಂಟೆ ಹಿಡಿಯುವುದುಂಟು. ಹಳಿ ದಾಟುವ ವಾಹನ ಸೇತುವೆಗಳು ಕೆಲವೇ ಇರುವುದೂ ಹಳೆಯವನ್ನು ಕೆಡವಿ ಹೊಸದಾಗಿ ಕಟ್ಟುತ್ತಿರುವುದೂ ಇದಕ್ಕೆ ಕಾರಣ. ಪರೇಲ್‌ಗೂ ಪ್ರಭಾದೇವಿಗೂ ನಡುವೆ ಇದ್ದ ಎಲ್ಫಿನ್‌ಸ್ಟನ್ ಮೇಲ್ಸೇತುವೆಯನ್ನು ಕೆಡವಲೆಂದು 2025ರ ಸೆಪ್ಟೆಂಬರ್‌ನಲ್ಲಿ ಮುಚ್ಚಲಾಯಿತು, ಸಾಯನ್‌ನ ಹಳೆಯ ಮೇಲ್ಸೇತುವೆಯನ್ನು ಅದಕ್ಕೂ ಒಂದು ವರ್ಷ ಮೊದಲೇ ಮುಚ್ಚಿದ್ದರು. ಆದ್ದರಿಂದ ವಾಹನದಲ್ಲಿ ಓಡಾಡಬೇಕಾದವರು ಕೆಲಸ ಇರುವ ಬದಿಯಲ್ಲಿಯೇ ಕೋಣೆ ಹಿಡಿಯುವುದು ಕ್ಷೇಮ.

ಮೊದಲ ಸಲ ಬರುವವರಿಗೆ ದಾದರ್, ಮಾಟುಂಗ

ಯಾವ ಭಾಗವೆಂದು ತೋಚದಿದ್ದರೆ, ಅಥವಾ ನಗರದ ಎರಡು ಮೂರು ಕಡೆ ಕೆಲಸವಿದ್ದರೆ, ದಾದರನ್ನು ಆರಿಸಿಕೊಳ್ಳಿ ಎಂದು ನಾನು ಹಿಂಜರಿಯದೆ ಹೇಳುತ್ತೇನೆ. ಪಶ್ಚಿಮ ಮಾರ್ಗವೂ ಮಧ್ಯ ಮಾರ್ಗವೂ ಒಂದೇ ಕಡೆ ಸಿಗುವ, ವೇಗದ ಗಾಡಿಗಳೂ ನಿಲ್ಲುವ ನಿಲ್ದಾಣ ಅದು. ದಕ್ಷಿಣದ ತುದಿಗೆ ಅಲ್ಲಿಂದ ಹತ್ತು ಕಿಲೋಮೀಟರಿನಷ್ಟು ಮಾತ್ರ. ಹುಬ್ಬಳ್ಳಿಯ ಮೂಲಕ ಬರುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳು ದಾದರ್‌ಗೇ ಬಂದು ನಿಲ್ಲುವುದರಿಂದ ಉತ್ತರ ಕರ್ನಾಟಕದವರಿಗೆ ಇಳಿದ ಮೇಲೆ ಮತ್ತೊಂದು ಗಾಡಿ ಹಿಡಿಯುವ ಕೆಲಸವಿರುವುದಿಲ್ಲ. ಕರಾವಳಿಯಿಂದ ಮತ್ಸ್ಯಗಂಧದಲ್ಲಿ ಬರುವವರು ಮಾತ್ರ ಗಮನಿಸಬೇಕು: ಅದು ಕೊನೆಗೊಳ್ಳುವ ಲೋಕಮಾನ್ಯ ತಿಲಕ್ ಟರ್ಮಿನಸ್ ಕುರ್ಲಾ ಲೋಕಲ್ ನಿಲ್ದಾಣಕ್ಕಿಂತ ಬೇರೆ ಜಾಗ, ಲೋಕಲ್ ಹಿಡಿಯಲು ಹೊರಗೆ ಬಂದು ತಿಲಕ್‌ನಗರಕ್ಕೋ ಕುರ್ಲಾಕ್ಕೋ ಹೋಗಬೇಕು. ಸಾಮಾನು ಹೆಚ್ಚಿದ್ದರೆ ಅದೇ ಗಾಡಿಯಿಂದ ಠಾಣೆಯಲ್ಲಿಯೇ ಇಳಿದು ಅಲ್ಲಿಂದ ದಾದರ್ ಕಡೆಯ ಲೋಕಲ್ ಹಿಡಿಯುವುದು ಸುಲಭ. ಆದರೆ ಗಾಡಿ ತಡವಾಗಿ ಬೆಳಗಿನ ಜನಜಂಗುಳಿಯ ಹೊತ್ತಿಗೆ ಸೇರುವಂತಿದ್ದರೆ ಟರ್ಮಿನಸ್‌ವರೆಗೂ ಕುಳಿತೇ ಹೋಗಿ.

ದಾದರ್‌ನ ಪಶ್ಚಿಮ ಬದಿಯಲ್ಲಿ ಮಾರುಕಟ್ಟೆಯ ಗದ್ದಲ ಹೆಚ್ಚು. ನಸುಕಿನಲ್ಲಿಯೇ ಹೂವಿನ ವ್ಯಾಪಾರ ಆರಂಭವಾಗಿ, ಬೆಳಗಾಗುವ ಹೊತ್ತಿಗೆ ನಿಲ್ದಾಣದ ಹೊರಗಿನ ದಾರಿಯೆಲ್ಲ ಚೆಂಡುಹೂವಿನ ರಾಶಿಗಳಿಂದ ತುಂಬಿರುತ್ತದೆ. ನಿದ್ದೆ ಬೇಕಾದವರು ಪೂರ್ವದ ಹಿಂದೂ ಕಾಲೊನಿಯ ಕಡೆಗೆ, ಇಲ್ಲವೇ ಒಂದು ನಿಲ್ದಾಣ ಉತ್ತರದ ಮಾಟುಂಗಕ್ಕೆ ಹೋಗುವುದು ಲೇಸು.

ಮಾಟುಂಗದ ಬಗ್ಗೆ ನನಗೆ ಪಕ್ಷಪಾತವಿದೆ, ಅದನ್ನು ಮುಚ್ಚಿಡುವುದಿಲ್ಲ. ಮುಂಬಯಿಯ ಗಡಿಬಿಡಿಯಲ್ಲಿ ಕಂಗಾಲಾದ ಕನ್ನಡಿಗನಿಗೆ ಈ ಬೀದಿಗಳಲ್ಲಿ ಮನೆಯ ನೆನಪಾಗುತ್ತದೆ. ಭಾವು ದಾಜಿ ರಸ್ತೆಯಲ್ಲಿ ಮೈಸೂರು ಅಸೋಸಿಯೇಷನ್ ಇದೆ, ಹಳಿಯ ಆಚೆ ಪಶ್ಚಿಮದಲ್ಲಿ ಕರ್ನಾಟಕ ಸಂಘವಿದೆ. ನಿಲ್ದಾಣದ ಎದುರಿಗೇ 1942ರಿಂದ ನಡೆದುಬಂದ ರಾಮ ನಾಯಕರ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್‌ನಲ್ಲಿ ಬಾಳೆಲೆಯ ಊಟ ಸಿಗುತ್ತದೆ. ಬೆಳಿಗ್ಗೆ ಏಳಕ್ಕೆ ಕಿಂಗ್ಸ್ ಸರ್ಕಲ್ ಕಡೆಯ ಯಾವುದಾದರೂ ಉಡುಪಿ ಹೋಟೆಲಿಗೆ ಕಾಲಿಟ್ಟರೆ ಕಲ್ಲಿನ ಮೇಜಿನ ಮೇಲೆ ಸ್ಟೀಲ್ ಲೋಟದಲ್ಲಿ ನೊರೆ ಎದ್ದ ಫಿಲ್ಟರ್ ಕಾಫಿ ಬರುತ್ತದೆ, ಪಕ್ಕದ ಮೇಜಿನಲ್ಲಿ ಇಬ್ಬರು ತುಳುವಿನಲ್ಲಿಯೋ ಕನ್ನಡದಲ್ಲಿಯೋ ಮಾತಾಡುತ್ತಿರುವುದು ಕೇಳಿಸುತ್ತದೆ. ಹದಿನೈದು ದಿನ ಹೊರಗಿನ ಊಟ ಮಾಡಬೇಕಾದ ರೋಗಿಯ ಮನೆಯವರಿಗೆ ಇದು ಸಣ್ಣ ಸಂಗತಿಯಲ್ಲ. ಕೊರತೆಯೆಂದರೆ ಇಲ್ಲಿ ಲಾಡ್ಜ್‌ಗಳು ಕಡಿಮೆ, ಬೇಗ ಭರ್ತಿಯಾಗುತ್ತವೆ, ಮುಂಚಿತವಾಗಿ ಹೇಳಿಡಬೇಕು.

ಹೆಸರಿನ ಗೊಂದಲವೂ ಇಲ್ಲಿದೆ. ಮಾಟುಂಗ ಎಂಬುದು ಮಧ್ಯ ಮಾರ್ಗದ ನಿಲ್ದಾಣ, ಮಾಟುಂಗ ರೋಡ್ ಪಶ್ಚಿಮ ಮಾರ್ಗದ್ದು, ಕಿಂಗ್ಸ್ ಸರ್ಕಲ್ ಹಾರ್ಬರ್ ಮಾರ್ಗದ್ದು. ಕೋಣೆ ಇವುಗಳಲ್ಲಿ ಯಾವುದಕ್ಕೆ ಹತ್ತಿರ ಎಂದು ತಿಳಿದುಕೊಳ್ಳದೆ ಹೊರಟರೆ ಸಾಮಾನು ಹೊತ್ತುಕೊಂಡು ಸೇತುವೆ ಹತ್ತಿ ಇಳಿಯಬೇಕಾದೀತು. ಜೊತೆಗೆ ನೆನಪಿಡಬೇಕಾದ ಇನ್ನೊಂದು ಮಾತು: ಪಶ್ಚಿಮದಲ್ಲಿ ಬಾಂದ್ರಾ, ಪೂರ್ವದಲ್ಲಿ ಸಾಯನ್ ದಾಟಿ ದಕ್ಷಿಣಕ್ಕೆ ಆಟೊಗಳಿಗೆ ಪ್ರವೇಶವಿಲ್ಲ. ದಾದರ್, ಮಾಟುಂಗ, ಪರೇಲ್, ಫೋರ್ಟ್‌ಗಳಲ್ಲಿ ಉಳಿಯುವವರು ಟ್ಯಾಕ್ಸಿ, ಬೆಸ್ಟ್ ಬಸ್ಸು ಇಲ್ಲವೇ ಕಾಲ್ನಡಿಗೆಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಆಸ್ಪತ್ರೆಗೆಂದು ಬರುವವರು

ಟಾಟಾ ಮೆಮೋರಿಯಲ್, ಕೆಇಎಂ, ಮಕ್ಕಳ ವಾಡಿಯಾ ಆಸ್ಪತ್ರೆ ಮೂರೂ ಪರೇಲ್‌ನ ಪೂರ್ವ ಬದಿಯಲ್ಲಿ ಒಂದಕ್ಕೊಂದು ಹತ್ತಿರದಲ್ಲಿವೆ. ಅಲ್ಲಿಗೆ ಬರುವವರು ಮೊದಲು ತಮ್ಮ ಕಾಗದಪತ್ರವನ್ನು ಸರಿಯಾಗಿ ಓದಿಕೊಳ್ಳಬೇಕು, ಏಕೆಂದರೆ ಟಾಟಾ ಮೆಮೋರಿಯಲ್ ಕೇಂದ್ರಕ್ಕೆ ಸೇರಿದ ಆ್ಯಕ್ಟ್ರೆಕ್ ಎಂಬ ಇನ್ನೊಂದು ಆವರಣ ನವಿ ಮುಂಬಯಿಯ ಖಾರ್ಘರ್‌ನಲ್ಲಿದೆ. ತಪಾಸಣೆ ಪರೇಲ್‌ನಲ್ಲಿ ಆಗಿ ಚಿಕಿತ್ಸೆ ಖಾರ್ಘರ್‌ನಲ್ಲಿ ನಿಗದಿಯಾಗುವುದೂ ಉಂಟು. ಎರಡರ ನಡುವೆ ಒಂದು ಗಂಟೆಗೂ ಮಿಕ್ಕಿದ ಪ್ರಯಾಣವಿರುವುದರಿಂದ, ಚಿಕಿತ್ಸೆ ಎಲ್ಲಿ ಎಂದು ಖಚಿತವಾಗುವವರೆಗೆ ಕೋಣೆಯನ್ನು ಎರಡು ಮೂರು ದಿನಕ್ಕಷ್ಟೇ ಹಿಡಿಯಿರಿ, ತಿಂಗಳ ಮುಂಗಡವನ್ನು ಕೊಟ್ಟುಬಿಡಬೇಡಿ.

ಪರೇಲ್‌ನ ಚಿಕಿತ್ಸೆಯೆಂದು ಗೊತ್ತಾದ ಮೇಲೆ ಪರೇಲ್ ಪೂರ್ವ, ದಾದರ್ ಪೂರ್ವ, ವಡಾಲಾದ ಈಚೆಯ ಭಾಗ, ಈ ಮೂರರಲ್ಲಿ ಹುಡುಕಿ. ಆಸ್ಪತ್ರೆಯ ಗೇಟಿನ ಎದುರಿನಲ್ಲಿಯೇ ಕೋಣೆ ತೋರಿಸುತ್ತೇವೆಂದು ಬರುವವರ ಮಾತಿಗೆ ಒಪ್ಪಿ ಹಣ ಕೊಡುವ ಮೊದಲು ಕೋಣೆಯನ್ನು ಕಣ್ಣಾರೆ ನೋಡಬೇಕು: ಕಿಟಕಿ ಇದೆಯೇ, ಲಿಫ್ಟ್ ನಿಜಕ್ಕೂ ಓಡುತ್ತಿದೆಯೇ, ಶೌಚಾಲಯ ಕೋಣೆಯ ಒಳಗಿದೆಯೇ, ಗಂಜಿ ಬೇಯಿಸಲು ಒಲೆ ಸಿಗುತ್ತದೆಯೇ ಎಂದು. ಕೀಮೊ ಮುಗಿಸಿ ಬಂದವರಿಗೆ ಮೂರನೆಯ ಮಹಡಿಯ ಮೆಟ್ಟಿಲು ಹತ್ತಲಾಗುವುದಿಲ್ಲ. ಕೈಯಲ್ಲಿ ದುಡ್ಡು ಕಡಿಮೆಯಿದ್ದವರು ನಾಚಿಕೊಳ್ಳದೆ ಆಸ್ಪತ್ರೆಯ ವೈದ್ಯಕೀಯ ಸಮಾಜಸೇವಾ ವಿಭಾಗದಲ್ಲಿ ವಿಚಾರಿಸಿ. ದಾದರ್ ಪೂರ್ವದಲ್ಲಿರುವ ಗಾಡ್ಗೆ ಮಹಾರಾಜ್ ಧರ್ಮಶಾಲೆಯಂಥ ಕಡೆಗಳಲ್ಲಿ ರೋಗಿಗೂ ಜೊತೆಗಿರುವವರಿಗೂ ಅತ್ಯಲ್ಪ ದರದಲ್ಲಿ ಜಾಗ ಸಿಗುವ ವ್ಯವಸ್ಥೆಯಿದೆ. ಜಾಗ ಖಾಲಿಯಿದ್ದರೆ ಮಾತ್ರ ಸಿಗುವುದರಿಂದ ಮೊದಲ ಎರಡು ರಾತ್ರಿಗೆ ಬೇರೆ ಏರ್ಪಾಡು ಇರಲಿ. ಹಿಂದೂಜಾ ಮಾಹಿಮ್‌ನಲ್ಲಿದೆ, ಲೀಲಾವತಿ ಬಾಂದ್ರಾದಲ್ಲಿ, ಕೋಕಿಲಾಬೆನ್ ಅಂಧೇರಿ ಪಶ್ಚಿಮದಲ್ಲಿ. ಅಲ್ಲಿಗೆ ಬರುವವರಿಗೆ ಪರೇಲ್ ಸುತ್ತಲಿನ ಕೋಣೆಯಿಂದ ಪ್ರಯೋಜನವಿಲ್ಲ.

ಸುತ್ತಾಟಕ್ಕೆ ದಕ್ಷಿಣ ತುದಿ, ವ್ಯವಹಾರಕ್ಕೆ ಅಂಧೇರಿ

ಎರಡು ಮೂರು ದಿನ ಊರು ನೋಡಲೆಂದೇ ಬರುವ ಕುಟುಂಬ ಫೋರ್ಟ್, ಚರ್ಚ್‌ಗೇಟ್, ಕೊಲಾಬಾಗಳಲ್ಲಿ ಉಳಿಯಬೇಕು. ಬಾಡಿಗೆ ಹೆಚ್ಚು, ಕೋಣೆ ಇಕ್ಕಟ್ಟು. ಆದರೂ ಆ ದುಡ್ಡು ವ್ಯರ್ಥವಲ್ಲ. ಗೇಟ್‌ವೇ, ವಸ್ತುಸಂಗ್ರಹಾಲಯ, ಮರೀನ್ ಡ್ರೈವ್ ಮತ್ತು 2018ರಲ್ಲಿ ಯುನೆಸ್ಕೊ ಪಟ್ಟಿ ಸೇರಿದ ಓವಲ್ ಮೈದಾನದ ಸುತ್ತಲಿನ ಕಟ್ಟಡಗಳು ಎಲ್ಲವೂ ಕಾಲ್ನಡಿಗೆಯ ದೂರದಲ್ಲಿವೆ. ಎಲಿಫೆಂಟಾ ಗುಹೆಗಳಿಗೆ ಹೋಗುವ ದೋಣಿಗಳು ಗೇಟ್‌ವೇಯಿಂದಲೇ ಹೊರಡುತ್ತವೆ. ಸೋಮವಾರ ಆ ಗುಹೆಗಳು ಮುಚ್ಚಿರುತ್ತವೆ ಎಂಬುದನ್ನು ಲೆಕ್ಕದಲ್ಲಿಟ್ಟು ದಿನ ಗೊತ್ತುಮಾಡಿಕೊಳ್ಳಿ. ಉಚ್ಚ ನ್ಯಾಯಾಲಯದಲ್ಲಿ, ಮಂತ್ರಾಲಯ ಎನ್ನುವ ಮಹಾರಾಷ್ಟ್ರ ಸರ್ಕಾರದ ಸಚಿವಾಲಯದಲ್ಲಿ ಕೆಲಸವಿರುವವರಿಗೂ ಇದೇ ಭಾಗ ಸರಿ. ಕರ್ನಾಟಕದಿಂದ ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬಂದವರು ಸಿಎಸ್‌ಎಂಟಿಯಲ್ಲಿ ಇಳಿದು ನಡೆದೇ ಕೋಣೆ ಸೇರಬಹುದು. ಕಚೇರಿಗಳ ಬೀದಿಗಳಾದ್ದರಿಂದ ಫೋರ್ಟ್‌ನ ಒಳಗಲ್ಲಿಗಳು ರಾತ್ರಿ ಹಾಗೂ ಭಾನುವಾರ ನಿರ್ಜನವಾಗಿರುತ್ತವೆ. ಒಬ್ಬರೇ ಬರುವ ಮಹಿಳೆಯರಿಗೆ ನಾನು ಅದಕ್ಕಿಂತ ಚರ್ಚ್‌ಗೇಟ್ ಅಥವಾ ಕೊಲಾಬಾದ ಮುಖ್ಯ ರಸ್ತೆಯ ಮೇಲಿನ ಕೋಣೆಯನ್ನೇ ಸೂಚಿಸುತ್ತೇನೆ.

ಈಚಿನ ದಿನಗಳಲ್ಲಿ ಲೆಕ್ಕಾಚಾರವನ್ನೇ ಬದಲಿಸಿದ್ದು ಮೆಟ್ರೊ 3ನೇ ಮಾರ್ಗ. ಆರೆಯಿಂದ ಕಫ್ ಪರೇಡ್‌ವರೆಗಿನ 33.5 ಕಿ.ಮೀ. ಉದ್ದದ ಈ ನೆಲದಡಿಯ ಮಾರ್ಗ 2025ರ ಅಕ್ಟೋಬರ್‌ನಲ್ಲಿ ಪೂರ್ತಿ ತೆರೆದ ಮೇಲೆ, ವಿಮಾನ ನಿಲ್ದಾಣದ ಎರಡೂ ಟರ್ಮಿನಲ್‌ಗಳು, ಬಿಕೆಸಿ ಎನ್ನುವ ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್, ದಾದರ್, ಸಿದ್ಧಿವಿನಾಯಕ, ಸಿಎಸ್‌ಎಂಟಿ, ಚರ್ಚ್‌ಗೇಟ್, ವಿಧಾನಭವನ ಎಲ್ಲವೂ ಒಂದೇ ದಾರದಲ್ಲಿ ಪೋಣಿಸಿದಂತಾಗಿವೆ. ಹಿಂದೆ ಬಿಕೆಸಿಯಲ್ಲಿರುವ ಅಮೆರಿಕದ ಕಾನ್ಸುಲೇಟ್‌ಗೆ ವೀಸಾ ಸಂದರ್ಶನಕ್ಕೆ ಬರುವವರಿಗೆ ಕುರ್ಲಾ ಅಥವಾ ಬಾಂದ್ರಾದಲ್ಲಿ ಇಳಿದು ಆಟೊಗಾಗಿ ಪರದಾಡಿ ಎಂದು ಹೇಳುವುದಲ್ಲದೆ ಬೇರೆ ದಾರಿಯಿರಲಿಲ್ಲ. ಈಗ ಸಾಂತಾಕ್ರೂಜ್ ಪೂರ್ವದಲ್ಲಿಯೋ ಅಂಧೇರಿ ಪೂರ್ವದ ಮರೋಳ್ ನಾಕಾದ ಬಳಿಯೋ ಮೆಟ್ರೊಗೆ ನಡೆದು ಹೋಗುವಷ್ಟು ಹತ್ತಿರ ಕೋಣೆ ಹಿಡಿದರೆ ಸಾಕು. ಮರೋಳ್ ನಾಕಾದಲ್ಲಿ ವರ್ಸೋವಾ, ಘಾಟ್‌ಕೋಪರ್‌ಗಳ ನಡುವಿನ 1ನೇ ಮಾರ್ಗವೂ ಸಂಧಿಸುವುದರಿಂದ ಅಡ್ಡಕ್ಕೆ, ಅಂದರೆ ಪೂರ್ವಪಶ್ಚಿಮವಾಗಿ ಹೋಗುವುದೂ ಸಾಧ್ಯ. ಲೋಕಲ್‌ಗಳಿಂದ ಎಂದೂ ಆಗದಿದ್ದ ಕೆಲಸವದು.

ಆದರೆ ವಿಮಾನ ನಿಲ್ದಾಣದ ಹತ್ತಿರ ಎಂಬ ಮಾತನ್ನು ಕಂಡ ಕೂಡಲೇ ಬುಕ್ ಮಾಡಬೇಡಿ. ಟರ್ಮಿನಲ್ 1 ಸಾಂತಾಕ್ರೂಜ್, ವಿಲೆಪಾರ್ಲೆಯ ಕಡೆಗಿದೆ, ಟರ್ಮಿನಲ್ 2 ಸಹಾರ್‌ನಲ್ಲಿದೆ. ಇವೆರಡರ ಜೊತೆಗೆ ಪನ್ವೆಲ್ ಬಳಿಯ ನವಿ ಮುಂಬಯಿ ವಿಮಾನ ನಿಲ್ದಾಣವೂ ಈಗ ಸೇರಿಕೊಂಡಿದೆ. ಟಿಕೆಟ್ಟಿನಲ್ಲಿ ಯಾವುದಿದೆ ಎಂದು ನೋಡಿದ ಮೇಲೆಯೇ ಕೋಣೆಯ ಮಾತು. ನಸುಕಿನ ವಿಮಾನವಿದ್ದರೆ ಆ ಹೊತ್ತಿಗೆ ಮೆಟ್ರೊ ಇರುವುದಿಲ್ಲ, ಹಾಗಾಗಿ ಕೊನೆಯ ರಾತ್ರಿಯೊಂದನ್ನು ಮಾತ್ರ ಟರ್ಮಿನಲ್‌ಗೆ ಹತ್ತಿರ ಕಳೆಯುವುದು ಜಾಣತನ.

ಸ್ವಂತ ಕಾರಿನಲ್ಲಿ ಬೆಳಗಾವಿ, ಕೊಲ್ಹಾಪುರದ ದಾರಿಯಾಗಿ ಬರುವವರು ಕಾರನ್ನು ದಾದರ್‌ವರೆಗೆ ತರುವ ಸಾಹಸಕ್ಕೆ ಇಳಿಯದಿರುವುದು ಒಳ್ಳೆಯದು. ವಾಶಿಯಲ್ಲೋ ಪನ್ವೆಲ್‌ನಲ್ಲೋ ವಾಹನ ನಿಲ್ಲಿಸಲು ಜಾಗವಿರುವ ಹೋಟೆಲ್ ಹಿಡಿದು ಹಾರ್ಬರ್ ಲೋಕಲ್‌ನಲ್ಲಿ ನಗರಕ್ಕೆ ಬನ್ನಿ. ವಾಶಿಯಿಂದ ಸಿಎಸ್‌ಎಂಟಿಗೆ ಸುಮಾರು ಐವತ್ತು ನಿಮಿಷ. ಈ ಗಾಡಿ ದಾದರ್ ಮುಟ್ಟುವುದಿಲ್ಲ. ದಾದರ್‌ಗೆ ಹೋಗಬೇಕಾದವರು ಕುರ್ಲಾದಲ್ಲಿ ಬದಲಿಸಬೇಕು.

ಮಳೆ, ಹಬ್ಬ, ಭಾನುವಾರ

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬರುವವರು ತಗ್ಗು ಜಾಗಗಳನ್ನು ತಿಳಿದಿರಬೇಕು. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ ಸುರಿದದ್ದನ್ನು ಇಲ್ಲಿನವರು ಯಾರೂ ಮರೆತಿಲ್ಲ. ಅಂಥ ಮಳೆ ಅಪರೂಪ. ಆದರೆ ಭಾರಿ ಮಳೆಯೂ ಸಮುದ್ರದ ದೊಡ್ಡ ಭರತವೂ ಒಟ್ಟಿಗೆ ಬಂದ ದಿನ ದಾದರ್, ಪರೇಲ್ ನಡುವಿನ ಹಿಂದಮಾತಾ, ಕಿಂಗ್ಸ್ ಸರ್ಕಲ್ ಬಳಿಯ ಗಾಂಧಿ ಮಾರ್ಕೆಟ್, ಸಾಯನ್, ಅಂಧೇರಿಯ ಸಬ್‌ವೇ, ಸಾಂತಾಕ್ರೂಜ್‌ನ ಮಿಲನ್ ಸಬ್‌ವೇಗಳಲ್ಲಿ ನೀರು ನಿಲ್ಲುತ್ತದೆ. ನಾನು ಹೊಗಳಿದ ಮಾಟುಂಗ, ದಾದರ್‌ಗಳೂ ಇದರಿಂದ ಹೊರತಲ್ಲ. ಮಳೆಗಾಲದಲ್ಲಿ ಕೋಣೆ ನೆಲಮಹಡಿಯಲ್ಲಿರಬಾರದು, ಮತ್ತು ಕೆಲಸದ ಜಾಗಕ್ಕೆ ಹೋಗುವ ದಾರಿ ಈ ತಗ್ಗುಗಳನ್ನು ದಾಟದಂತಿದ್ದರೆ ಒಳ್ಳೆಯದು.

ಗಣೇಶನ ಹಬ್ಬದ ದಿನಗಳಲ್ಲಿ ಲಾಲ್‌ಬಾಗ್, ಪರೇಲ್ ಸುತ್ತ ಕಾಲಿಡಲು ಜಾಗವಿರುವುದಿಲ್ಲ. ಡಿಸೆಂಬರ್ 6ರಂದು ಬಾಬಾಸಾಹೇಬ್ ಅಂಬೇಡ್ಕರರ ಮಹಾಪರಿನಿರ್ವಾಣ ದಿನಕ್ಕೆ ದಾದರ್‌ನ ಚೈತ್ಯಭೂಮಿಗೆ ಲಕ್ಷಾಂತರ ಜನ ಬರುತ್ತಾರೆ. ಆ ದಿನಗಳಿಗೆ ದಾದರ್‌ನಲ್ಲಿ ಕೋಣೆ ಬೇಕಿದ್ದರೆ ಬಹಳ ಮುಂಚೆ ಹೇಳಿಡಬೇಕು. ಭಾನುವಾರ ಹಳಿ ದುರಸ್ತಿಗೆಂದು ಕೆಲವು ಗಂಟೆ ಗಾಡಿಗಳನ್ನು ತಡೆಯುವ ಮೆಗಾ ಬ್ಲಾಕ್ ಇರುವುದರಿಂದ ಅಂದು ರೈಲನ್ನೇ ನಂಬಿ ದೂರದ ಕೋಣೆ ಹಿಡಿಯಬಾರದು. ಪರೀಕ್ಷೆ ಬರೆಯಲು ಬರುವ ಮಕ್ಕಳಿಗೆ ಇದು ಹೆಚ್ಚು ಅನ್ವಯಿಸುತ್ತದೆ. ಪವಾಯಿಯಲ್ಲಿಯೋ ಕಾಂದಿವಲಿಯಲ್ಲಿಯೋ ಕೇಂದ್ರವಿದ್ದರೆ ಹಿಂದಿನ ರಾತ್ರಿ ಅದೇ ಭಾಗದಲ್ಲಿ ಉಳಿಯಿರಿ.

ಹಣ ಕಟ್ಟುವ ಮುನ್ನ

ಎರಡು ಮೂರು ಕೋಣೆಗಳು ಮನಸ್ಸಿಗೆ ಬಂದ ಮೇಲೆ ಫೋನಿನ ನಕ್ಷೆಯಲ್ಲಿ ಹೋಟೆಲಿನಿಂದ ಕೆಲಸದ ಜಾಗಕ್ಕೆ ದಾರಿ ಹಾಕಿ ನೋಡಿ. ರಾತ್ರಿ ಹತ್ತಕ್ಕೆ ಮನೆಯಲ್ಲಿ ಕುಳಿತು ನೋಡಿದರೆ ಅದು ರಾತ್ರಿ ಹತ್ತರ ಲೆಕ್ಕವನ್ನೇ ತೋರಿಸುತ್ತದೆ. ಹೊರಡುವ ಹೊತ್ತನ್ನು ವಾರದ ದಿನವೊಂದರ ಬೆಳಿಗ್ಗೆ ಒಂಬತ್ತಕ್ಕೆ ಬದಲಿಸಿ ಮತ್ತೆ ನೋಡಬೇಕು. ನಡೆಯುವ ದಾರಿಯನ್ನೂ ಹಾಕಿ, ಅದು ಹಳಿಯನ್ನು ದಾಟುತ್ತದೆಯೇ ಎಂದು ಗಮನಿಸಿ. ಹಿಂದೆ ಉಳಿದವರು ಬರೆದ ಅಭಿಪ್ರಾಯಗಳಲ್ಲಿ ಜುಲೈ, ಆಗಸ್ಟ್ ತಿಂಗಳವನ್ನು ಆರಿಸಿ ಓದಿದರೆ ಗೋಡೆಯ ತೇವ, ಬೀದಿಯ ನೀರು ಎಲ್ಲವೂ ಗೊತ್ತಾಗುತ್ತವೆ.

ಆಮೇಲೆ ಹೋಟೆಲಿಗೇ ಫೋನ್ ಮಾಡಿ. ಸ್ಟೇಷನ್ ಹತ್ತಿರವೇ ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಅದರ ಬದಲು ಯಾವ ಸ್ಟೇಷನ್, ಈಸ್ಟೋ ವೆಸ್ಟೋ, ಯಾವ ಬ್ರಿಜ್ ಇಳಿಯಬೇಕು, ಇಳಿದ ಮೇಲೆ ಎದುರಿಗೆ ಏನು ಕಾಣಿಸುತ್ತದೆ ಎಂದು ಕೇಳಿ. ನಿಜವಾಗಿಯೂ ಹತ್ತಿರವಿರುವ ಹೋಟೆಲಿನವರು ತಡವರಿಸದೆ ಹೇಳುತ್ತಾರೆ: ದಾದರ್ ಈಸ್ಟ್, ಮಧ್ಯದ ಬ್ರಿಜ್, ಇಳಿದು ಎಡಕ್ಕೆ ತಿರುಗಿ, ಔಷಧಿ ಅಂಗಡಿಯ ಪಕ್ಕದ ಗಲ್ಲಿ. ಟ್ಯಾಕ್ಸಿ ಹಿಡಿದುಬಿಡಿ, ಐದೇ ನಿಮಿಷ ಎಂಬ ಉತ್ತರ ಬಂದರೆ ಪಟ್ಟಿಯಲ್ಲಿರುವ ಮುಂದಿನ ನಂಬರಿಗೆ ಫೋನ್ ಮಾಡಿ.